ಹದಿನಾಲ್ಕು ಹೆಸರುಗಳ ಲೇಖನದ ಬಗ್ಗೆ

ಮಾನ್ಯರೇ,

ಯುರೋಪಿನ ಚಿತ್ರಕಲೆಯಲ್ಲಿ ಮೊದಲಿಗರೆನಿಸಿದ ಹದಿನಾಲ್ಕು ಮಹಿಳೆಯರನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ನಿಮ್ಮ ಶ್ರಮದ ಬಗ್ಗೆ ನನಗೆ ಸಂದೇಹವಿಲ್ಲದಿರುವುದರಿಂದ ಕಾರಣವನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

‘ಮೊದಲ ಮಹಿಳೆ’ ಎಂಬ ಮಾತು ನಿಮ್ಮ ಪ್ರತಿ ಪ್ಯಾರಾದಲ್ಲೂ ಇದೆ. ಅವರಿಗಿಂತ ಮುಂಚೆ ಬೇರೊಬ್ಬರು ಏಕೆ ಬರಲಾಗಲಿಲ್ಲ ಎಂಬುದು ಮಾತ್ರ ಎಲ್ಲಿಯೂ ಇಲ್ಲ. 1768ರಲ್ಲಿ ಲಂಡನ್ನಿನ ಕಲಾಸಂಸ್ಥೆ ರಾಯಲ್ ಅಕಾಡೆಮಿಯನ್ನು ಕಟ್ಟಿದವರಲ್ಲಿ ಚಿತ್ರಕಾರ್ತಿಯರಾದ ಆಂಜೆಲಿಕಾ ಕಾಫ್‌ಮನ್ ಮತ್ತು ಮೇರಿ ಮೋಸರ್ ಇದ್ದರೆಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿದ್ದೀರಿ. ಅಲ್ಲಿಯ ಸದಸ್ಯರ ಸಮೂಹಚಿತ್ರ ಬರೆದ ಜೋಫಾನಿ, ನಗ್ನ ರೂಪದರ್ಶಿಯಿರುವ ಕೋಣೆಯಲ್ಲಿ ಗಂಡಸರನ್ನೆಲ್ಲ ಸೇರಿಸಿ, ಈ ಇಬ್ಬರನ್ನು ಮಾತ್ರ ಗೋಡೆಗೆ ತೂಗುಹಾಕಿದ ಭಾವಚಿತ್ರಗಳನ್ನಾಗಿ ಮಾಡಿದ. ಹೆಂಗಸರು ಆ ಕೋಣೆಯೊಳಗೆ ಕಾಲಿಡುವಂತಿರಲಿಲ್ಲ. ಮನುಷ್ಯದೇಹದ ಅಭ್ಯಾಸವಿಲ್ಲದೆ ಆಗ ಅತ್ಯುನ್ನತವೆನಿಸಿದ್ದ ಪೌರಾಣಿಕ, ಐತಿಹಾಸಿಕ ಚಿತ್ರಗಳಿಗೆ ಕೈಹಾಕುವುದು ಕಷ್ಟವಾಗಿತ್ತು. ಅಲ್ಲಿ ಪೂರ್ಣ ಸದಸ್ಯತ್ವಕ್ಕೆ ಮತ್ತೊಬ್ಬ ಮಹಿಳೆ, ಲಾರಾ ನೈಟ್, ಆಯ್ಕೆಯಾದದ್ದು 1936ರಲ್ಲಿ. ನಿಮ್ಮ ಲೇಖನ ಇಲ್ಲಿಂದಲೇ ಹೊರಡಬಹುದಿತ್ತು.

ಇಟಲಿಯ ಚಿತ್ರಕಾರ್ತಿ ಆರ್ಟೆಮಿಸಿಯಾ ಜೆಂಟಿಲೆಸ್ಕಿಯ ವಿಷಯದಲ್ಲಿ, ಆಕೆಯ ಮೇಲಾದ ಅತ್ಯಾಚಾರದ 1612ರ ವಿಚಾರಣೆಗೆ ಎರಡು ಪುಟ ಕೊಟ್ಟು, ಆಕೆಯ ಚಿತ್ರಗಳಿಗೆ ‘ಅಮೋಘ’ ಎಂಬ ಒಂದು ವಿಶೇಷಣ ಕೊಟ್ಟಿದ್ದೀರಿ. ಬೈಬಲ್ ಕಥೆಯ ಜೂಡಿತ್ ಶತ್ರು ಸೇನಾಪತಿ ಹೋಲೋಫರ್ನಿಸ್‌ನ ಕೊರಳು ಕೊಯ್ಯುವ ಚಿತ್ರದಲ್ಲಿ, ಅದೇ ಕಥೆಯನ್ನು ಮೊದಲೇ ಚಿತ್ರಿಸಿದ್ದ ಕಾರವಾಜ್ಜೊ ಪಕ್ಕಕ್ಕೆ ನಿಲ್ಲಿಸಿದ್ದ ಮುದುಕಿ ಸೇವಕಿ ಇವಳಲ್ಲಿ ಹರೆಯದವಳಾಗಿ, ಇಡೀ ಮೈಭಾರ ಹಾಕಿ ಅವನನ್ನು ಅದುಮಿ ಹಿಡಿದಿದ್ದಾಳೆ. ಇದನ್ನು ತೋರಿಸಿದ್ದರೆ ಆ ವಿಶೇಷಣ ಬೇಕಾಗುತ್ತಿರಲಿಲ್ಲ.

ಡಚ್ ಚಿತ್ರಕಾರ್ತಿ ಜೂಡಿತ್ ಲೇಸ್ಟರ್‌ಳನ್ನು ‘ಕಾಲ ಮರೆಯಿತು’ ಎಂಬ ಮಾತನ್ನು ನಾನು ಒಪ್ಪಲಾರೆ. 1633ರ ಹೊತ್ತಿಗೆ ಹಾರ್ಲೆಮ್‌ನ ಚಿತ್ರಕಾರರ ಸಂಘದ ಸದಸ್ಯಳಾಗಿದ್ದ ಆಕೆ ತನ್ನ ಕುಟುಂಬದ ಹೆಸರಿಗೆ ‘ದಾರಿ ತೋರುವ ನಕ್ಷತ್ರ’ ಎಂಬ ಅರ್ಥವಿದ್ದುದರಿಂದ ಮೊದಲಕ್ಷರಗಳ ಜೊತೆ ಒಂದು ನಕ್ಷತ್ರವನ್ನೂ ಸಹಿಯಾಗಿ ಬಿಡಿಸುತ್ತಿದ್ದಳು. ಅದೇ ಊರಿನ ಹೆಸರಾಂತ ಚಿತ್ರಕಾರ ಫ್ರಾನ್ಸ್ ಹಾಲ್ಸ್‌ನದೆಂದು ಮಾರಾಟವಾಗಿದ್ದ ಚಿತ್ರವೊಂದರಲ್ಲಿ ಆ ಗುರುತನ್ನು ಪತ್ತೆಹಚ್ಚಿದ ಮೇಲೆ, 1893ರಲ್ಲಿ, ಅವಳ ಕೃತಿಗಳು ಅವಳ ಹೆಸರಿಗೆ ಮರಳತೊಡಗಿದವು. ಸಹಿ ಇದ್ದೂ ಹೆಸರು ಹೋದದ್ದಕ್ಕೆ ಕಾಲವನ್ನು ದೂರುವುದು ತಪ್ಪಿತಸ್ಥರನ್ನು ಸುಮ್ಮನೆ ಬಿಟ್ಟುಕೊಟ್ಟಂತೆ. (‘ಕಾಲಗರ್ಭ’ವನ್ನೂ ದಯವಿಟ್ಟು ಕೈಬಿಡಿ.)

ಹದಿಮೂರು ಹೆಸರುಗಳನ್ನು ತೆಗೆದು ಲೇಸ್ಟರ್ ಒಬ್ಬಳನ್ನೇ ಉಳಿಸಿಕೊಂಡು ಮತ್ತೆ ಬರೆಯಿರಿ. 1636ರಲ್ಲಿ ಚಿತ್ರಕಾರ ಮೊಲೆನಾರ್‌ನನ್ನು ಮದುವೆಯಾದ ಮೇಲೆ ಅವಳ ಸಹಿಯಿರುವ ಚಿತ್ರಗಳು ಬೆರಳೆಣಿಕೆಯಷ್ಟಾಗುತ್ತವೆ. ನೀವು ಅರ್ಧ ವಾಕ್ಯದಲ್ಲಿ ದಾಟಿಹೋದ ಆ ಜಾಗದಲ್ಲಿ ಈ ಬಾರಿ ನಿಲ್ಲಿ. ಹಸ್ತಪ್ರತಿಯನ್ನು ನನ್ನ ಹೆಸರಿಗೇ ಕಳುಹಿಸಿ.

ಇಂತಿ,
ಸಂಪಾದಕ