ಒಲೆ ಹಚ್ಚುವ ಮುಂಚೆ

ಪ್ರಶ್ನೆ: ಅಕ್ಕಾವರೇ, ನಾನು ಧಾರವಾಡದವಳು. ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಕೆಲಸ. ಮದುವೆಗೆ ಮುಂಚೆ ಇಷ್ಟಲಿಂಗ ಪೂಜೆ ಒಂದು ದಿನವೂ ಬಿಟ್ಟವಳಲ್ಲ. ಈಗ ಎದ್ದ ಕೂಡಲೇ ರೊಟ್ಟಿ, ಪಲ್ಯ, ಮಕ್ಕಳ ಡಬ್ಬಿ, ಆಮೇಲೆ ಚಿಗರಿ ಬಸ್ಸಿಗೆ ಓಟ. ಲಿಂಗವಿಟ್ಟ ಕರಡಿಗೆ ಕೊರಳಲ್ಲೇ ಇರುತ್ತದೆ, ತೆರೆಯುವುದು ಸೋಮವಾರ ಮಾತ್ರ. ಯಜಮಾನರು "ಕಾಯಕವೇ ಕೈಲಾಸ ಅಲ್ವಾ, ಸುಮ್ನೆ ಯಾಕೆ ಚಿಂತೆ" ಅನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ಧಾರವಾಡ

ಉತ್ತರ: ತಂಗಿ, ನಿನ್ನ ಯಜಮಾನರಿಗೆ ನುಲಿಯ ಚಂದಯ್ಯ ಶರಣರ ಕಥೆ ಪೂರ್ತಿ ಹೇಳು. ಅವರು ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ದಾಸೋಹ ಮಾಡುತ್ತಿದ್ದವರು. ಒಂದು ದಿನ ಹುಲ್ಲು ಕೊಯ್ಯುವಾಗ ಲಿಂಗ ಜಾರಿ ಬಿತ್ತು. ಅವರು ಎತ್ತಿಕೊಳ್ಳದೆ ಕೆಲಸಕ್ಕೆ ನಡೆದರು. ನಮ್ಮ ಜನ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ, ತಮಗೆ ಅನುಕೂಲ ನೋಡು! ಮುಂದೆ ಲಿಂಗವೇ ಅವರ ಬೆನ್ನು ಹತ್ತಿತು. ಇನ್ನೊಬ್ಬ ಶರಣರು ಮಡಿವಾಳ ಮಾಚಯ್ಯನವರು ನಡುವೆ ಬಂದು ಬುದ್ಧಿ ಹೇಳಿದರು. ಕಡೆಗೆ ಹಗ್ಗ ಮಾರಿ ಬರುವ ಕೆಲಸವನ್ನು ಲಿಂಗ ಒಪ್ಪಿಕೊಂಡಿತು, ಚಂದಯ್ಯನವರು ಲಿಂಗವನ್ನು ಒಪ್ಪಿಕೊಂಡರು. ಕೆಲಸದಲ್ಲಿ ಪಾಲು ತಗೊಳ್ಳಲು ದೇವರಿಗೇ ನಾಚಿಕೆ ಇರಲಿಲ್ಲ. ನಿನ್ನ ಯಜಮಾನರಿಗೇನು?

ನಿನ್ನ ಪತ್ರ ಓದಿದರೆ ಭಕ್ತಿ ಕಡಿಮೆಯಾದ ಹಾಗೆ ಕಾಣುವುದಿಲ್ಲ. ಕಾಲು ಗಂಟೆ ನಿನ್ನನ್ನು ಯಾರೂ ಬಿಡುತ್ತಿಲ್ಲ, ಅಷ್ಟೇ. ಅದನ್ನು ಮನೆಯಲ್ಲಿ ಬಾಯಿ ಬಿಟ್ಟು ಕೇಳು. ನಾನು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಾಗ ಬೆಳಗಿನ ಹಾಲು ಕಾಯಿಸುವುದು ನಮ್ಮ ಯಜಮಾನರ ಪಾಲು. ವಾರಕ್ಕೊಮ್ಮೆಯಾದರೂ ಉಕ್ಕಿಸುತ್ತಿದ್ದರು. ಸೀದ ವಾಸನೆ ಮೂಗಿಗೆ ಬಡಿದರೂ ನಾನು ಪೂಜೆ ಬಿಟ್ಟು ಏಳುತ್ತಿರಲಿಲ್ಲ. ಆಮೇಲಾಮೇಲೆ ಕಲಿತರು.

ಹೊತ್ತು ಯಾವುದು ಅಂದರೆ, ಸ್ನಾನವಾದ ಕೂಡಲೇ, ಒಲೆ ಹಚ್ಚುವ ಮುಂಚೆ. ಒಲೆ ಹಚ್ಚಿದೆಯೋ ಮುಗಿಯಿತು, ಒಂದರ ಹಿಂದೆ ಒಂದು ಕೆಲಸ ಬರುತ್ತದೆ. ಫೋನ್ ಬೇರೆ ಕೋಣೆಯಲ್ಲಿರಲಿ. ಧೂಪ, ಆರತಿ, ಮಂತ್ರ ಎಲ್ಲ ಆಗಲೇಬೇಕು ಅಂತ ಹಟ ಹಿಡಿದರೆ ಮತ್ತೆ ಸೋಮವಾರಕ್ಕೇ ಬಂದು ನಿಲ್ಲುತ್ತೀಯ. ಹಣೆಗೆ ವಿಭೂತಿ ಹಚ್ಚಿಕೋ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೋ, ನಾಲ್ಕು ಹನಿ ನೀರು, ವಿಭೂತಿ, ಒಂದು ಪತ್ರಿ. ಪತ್ರಿ ಸಿಗಲಿಲ್ಲವೋ, ಬಿಡು. ನಿನ್ನ ಹಿಂದೆ ಸಣ್ಣ ದೀಪ ಇದ್ದರೆ ಲಿಂಗದ ಕಂತಿಯ, ಅಂದರೆ ಕಪ್ಪು ಲೇಪದ, ಮೇಲೆ ಸಾಸಿವೆಯಷ್ಟು ಬೆಳಕು ಕಾಣುತ್ತದೆ. ಅಲ್ಲೇ ಕಣ್ಣಿಟ್ಟು ಓಂ ನಮಃ ಶಿವಾಯ ಅನ್ನು. ಡಬ್ಬಿ ನೆನಪಾಗುತ್ತದೆ, ಆಗಲಿ. ಮತ್ತೆ ಆ ಬೆಳಕಿಗೆ ಬಾ.

ಬಸ್ಸಿನಲ್ಲಿ ಜಪ ಮಾಡಬಹುದಾ ಅಂತ ಬಹಳ ಜನ ಬರೆಯುತ್ತಾರೆ. ಧಾರಾಳವಾಗಿ. ಆದರೆ ಅದು ಜೊತೆಗೆ ಮಾಡುವುದು, ಬೆಳಗಿನದಕ್ಕೆ ಬದಲಿ ಅಲ್ಲ. ಬಸ್ಸಿನಲ್ಲಿ ಸೀಟು ಸಿಗುವುದೇ ನಂಬಿಕೆ ಇಲ್ಲ! ಮತ್ತೆ, ತಿಂಗಳ ಆ ದಿನಗಳಲ್ಲಿ ಪೂಜೆ ಬಿಡುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ, ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ ಅಂತ 12ನೇ ಶತಮಾನದ ಶರಣರೇ ಹೇಳಿದ್ದಾರೆ. ಅತ್ತೆಯವರಿಗೂ ಇದನ್ನೇ ಹೇಳು, ಮೆಲ್ಲಗೆ.

ರೊಟ್ಟಿಯೇ ತೊಡಕಾದರೆ, ಮನೆಯಲ್ಲಿ ಬಡಿದು ಮಾರುವ ಹೆಣ್ಣುಮಕ್ಕಳು ಧಾರವಾಡದಲ್ಲಿ ಬೇಕಾದಷ್ಟು ಇದ್ದಾರೆ. ವಾರದಲ್ಲಿ ಎರಡು ದಿನ ಅವರಿಂದ ತಂದುಕೋ. ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಅವತ್ತು ಮಕ್ಕಳನ್ನೂ ಕೂರಿಸಿಕೊಂಡು ನಿಧಾನವಾಗಿ ಪೂಜೆ ಮಾಡು, ರೊಟ್ಟಿ ಯಜಮಾನರು ಬಡಿಯಲಿ. ಸೊಟ್ಟಗಾದರೂ ಏನೂ ಅನ್ನಬೇಡ.