ದಾವಣಗೆರೆ ಹೋಟೆಲಲ್ಲಿ ನಿಜವಾದ ಖಾರ ಬೇಕಂದ್ರೆ ಹೇಗೆ ಕೇಳ್ಬೇಕು?

‘ಖಾರ ಜಾಸ್ತಿ ಹಾಕಿ’ ಅಂತ ಹೇಳಿದ್ರೂ ದಾವಣಗೆರೆ ಹೋಟೆಲ್‌ಗಳಲ್ಲಿ ಸಪ್ಪೆ ಊಟನೇ ಬರುತ್ತೆ, ಏನು ಮಾಡ್ಲಿ ಅಂತ ಕೇಳಿದ್ದೀರಿ. ನಾನು ಇದೇ ಊರಿನವನು, ಖಾರ ಇಲ್ಲದಿದ್ರೆ ನನಗೆ ತುತ್ತು ಇಳಿಯಲ್ಲ.

ಬಣ್ಣ ನೋಡಿ ಖಾರ ಅಳೀಬೇಡಿ. ನಮ್ಮ ಕಡೆ ಅಡುಗೆಗೆ ಹೆಚ್ಚು ಬಳಸೋದು ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ. ಅದು ಕಡುಗೆಂಪು ಬಣ್ಣಕ್ಕೆ, ಘಮಕ್ಕೆ ಹೆಸರಾದದ್ದು, ಖಾರ ಕಮ್ಮಿ. ಖಾರ ಬೇಕಂದ್ರೆ ಗುಂಟೂರು ಇಲ್ಲಾ ಹಸಿಮೆಣಸಿನಕಾಯಿನೇ ಬೀಳ್ಬೇಕು.

ನೀವು ಬರೀ ‘ಖಾರ’ ಅಂದ್ರೆ ಆಗೋದೇನು? ಗ್ರೇವಿ ಮೊದಲೇ ಮಾಡಿಟ್ಟಿರ್ತಾರೆ, ಅದರ ಮೇಲೆ ಒಂದು ಚಮಚ ಖಾರದಪುಡಿ ಉದುರಿಸಿ ಕೊಡ್ತಾರೆ. ಹಸಿ ಪುಡಿ ವಾಸನೆ ಬರುತ್ತೆ, ಖಾರ ಹತ್ತಲ್ಲ. ಅದಕ್ಕೇ ಆರ್ಡರ್ ಕೊಟ್ಟ ಮೇಲೆ ಬಾಣಲೆಗೆ ಬೀಳೋ ಪಲ್ಯ, ಎಗ್ ಬುರ್ಜಿ ತರದ್ದು ಹೇಳಿ. ‘ಅಣ್ಣಾ, ಮೇಲೆ ಪುಡಿ ಬೇಡ, ಒಗ್ಗರಣೆಗೇ ನಾಲ್ಕು ಹಸಿಮೆಣಸಿನಕಾಯಿ ಸೀಳಿ ಹಾಕ್ಸಿ. ಖಾರ ಆಯ್ತು ಅಂತ ವಾಪಸ್ ಕಳಿಸಲ್ಲ’ ಅನ್ನಿ. ಕೊನೇ ಮಾತು ಮರೀಬೇಡಿ. ತಟ್ಟೆ ವಾಪಸ್ ಬಂದ್ರೆ ಬೈಸಿಕೊಳ್ಳೋದು ಅಡುಗೆಯವರು, ಆ ಹೆದರಿಕೆಗೇ ಕೈ ಹಿಡಿದು ಹಾಕ್ತಾರೆ.

ಬೆಣ್ಣೆ ದೋಸೆಯಲ್ಲಿ ಖಾರ ಹುಡುಕಬೇಡಿ. ಮೆಣಸಿನಕಾಯಿಯ ಖಾರ ಅಂದ್ರೆ ಕ್ಯಾಪ್ಸೈಸಿನ್, ಅದು ಕರಗೋದು ಕೊಬ್ಬಿನಲ್ಲಿ, ನೀರಲ್ಲಲ್ಲ. ಚಟ್ನಿ ಎಷ್ಟೇ ಜೋರಾಗಿದ್ರೂ ಅಷ್ಟು ಬೆಣ್ಣೆ ಜೊತೆ ಸೇರಿದ್ರೆ ಮೆತ್ತಗಾಗಿಬಿಡುತ್ತೆ. ಗೋಡಂಬಿ, ಕ್ರೀಮ್ ಹಾಕೋ ಪನೀರ್ ಗ್ರೇವಿಗಳದ್ದೂ ಇದೇ ಕಥೆ.

ನನ್ನ ಕೇಳಿದ್ರೆ ಮಧ್ಯಾಹ್ನ ಜೋಳದ ರೊಟ್ಟಿ ಖಾನಾವಳಿಗೆ ಹೋಗಿ. ಅಲ್ಲಿ ಖಾರ ಕೇಳಿ ಹಾಕಿಸ್ಕೊಳ್ಳೋ ವಸ್ತು ಅಲ್ಲ, ಊಟದ ಭಾಗ. ಕೆಂಪು ಚಟ್ನಿ, ಗುರೆಳ್ಳು ಪುಡಿ ಬಡಿಸ್ತಾರೆ. ‘ಅಕ್ಕಾ, ಹಸಿಮೆಣಸಿನಕಾಯಿ ಚಟ್ನಿ ಐತಾ?’ ಅಂತ ಕೇಳಿದ್ರೆ ಎಷ್ಟೋ ಕಡೆ ಒಳಗಿಂದ ತಂದು ಹಾಕ್ತಾರೆ. ಮೊದಲ ರೊಟ್ಟಿ ಅದರಲ್ಲೇ ತಿನ್ನಿ, ಮೊಸರು ಆಮೇಲೆ.

ಸಂಜೆ ಮಂಡಕ್ಕಿ ಅಂಗಡಿ. ಮಿರ್ಚಿ ಬಜ್ಜಿಗೆ ಹಾಕೋ ಉದ್ದನೆ ಕಾಯಿ ಅಷ್ಟು ಖಾರ ಇರಲ್ಲ. ಖಾರ ಹೆಚ್ಚಿರೋದು ಕಾಯಿ ಒಳಗಿನ ಬಿಳಿ ತಿರುಳಲ್ಲಿ, ಸೀಳಿ ಒಳಗಿಂದು ತೆಗೆದಿದ್ರೆ ಇನ್ನೂ ಸಪ್ಪೆ. ಉಪ್ಪು ಹಚ್ಚಿ ಕರಿದ ಸಣ್ಣ ಮೆಣಸಿನಕಾಯಿ ಕೇಳಿ, ಮಂಡಕ್ಕಿ ಜೊತೆ ಕಚ್ಕೊಂಡು ತಿನ್ನಿ. ಬಾಯಿ ಉರಿ ತಡೆಯದಿದ್ರೆ ನೀರು ಕುಡೀಬೇಡಿ, ಮಜ್ಜಿಗೆ ಕುಡೀರಿ.