ಮೂಗು ಉದ್ದ ಮಾಡುವವರ ಜಪ

ಓದುಗರ ಪತ್ರ: "ವ್ಯಂಗ್ಯಚಿತ್ರ ಬರೆಯುವುದೂ ಒಂದು ಸಾಧನೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಇನ್ನೊಬ್ಬರ ಮೂಗನ್ನು ಮೊಳದುದ್ದ ಎಳೆದು ನಾಲ್ಕು ಜನರನ್ನು ನಗಿಸುವುದರಲ್ಲಿ ಅಧ್ಯಾತ್ಮ ಎಲ್ಲಿಂದ ಬಂತು? ಬೆಳಗಿನ ಜಪದಲ್ಲಿ ನಾನು ತೂಕಡಿಸುವುದನ್ನು ಮೊಮ್ಮಗ ಚಿತ್ರ ಮಾಡಿದ್ದಾನೆ. ಜಪಸರಕ್ಕಿಂತ ನನ್ನ ಮೂಗೇ ಉದ್ದವಾಗಿದೆ. ಹರಿದು ಹಾಕಲು ಹೋದವನು ಯಾಕೋ ಪಂಚಾಂಗದೊಳಗೆ ಇಟ್ಟಿದ್ದೇನೆ. ಇದಕ್ಕೇನೆನ್ನುತ್ತೀರಿ?" — ಒಬ್ಬ ನಿವೃತ್ತ ಮೇಷ್ಟ್ರು, ಸಾಗರ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಎಲ್ಲರೂ ನಕ್ಕರು, ನಮ್ಮ ವ್ಯಂಗ್ಯಚಿತ್ರಕಾರರೊಬ್ಬರನ್ನು ಬಿಟ್ಟು. ಅವರು ಕೇಳಿದ್ದು ಇಷ್ಟೇ: "ಹುಡುಗ ಮೂಗನ್ನು ಒಂದೇ ಗೆರೆಯಲ್ಲಿ ಎಳೆದಿದ್ದಾನೆಯೇ, ತಿದ್ದಿದ್ದಾನೆಯೇ?"

ಸಂಚಿಕೆ ಅಚ್ಚಿಗೆ ಹೋಗುವ ಹಿಂದಿನ ದಿನ ಅವರ ಮೇಜಿನ ಹತ್ತಿರ ಯಾರೂ ಸುಳಿಯುವುದಿಲ್ಲ. ಒಂದೇ ಮುಖವನ್ನು ಪೆನ್ಸಿಲ್ಲಿನಲ್ಲಿ ಹತ್ತು ಹದಿನೈದು ಸಲ ಬರೆದು ಹರಿಯುತ್ತಾರೆ. ಆಮೇಲೆ ನಿಬ್ಬನ್ನು ಮಸಿಗೆ ಅದ್ದಿ, ಸೀಸೆಯ ಅಂಚಿಗೆ ಒರೆಸಿ, ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಾರೆ. ಹಣೆಯಿಂದ ಹೊರಟ ಗೆರೆ ಗದ್ದಕ್ಕೆ ಬಂದು ನಿಂತ ಮೇಲೆಯೇ ಉಸಿರು ಬಿಡುವುದು. ಆ ಹೊತ್ತಿನಲ್ಲಿ ಅವರಿಗೆ ಸಂಬಳದ ನೆನಪಿಲ್ಲ, ಮಂತ್ರಿಯ ಮೇಲಿನ ಸಿಟ್ಟೂ ಇಲ್ಲ. ಸಿಟ್ಟಿದ್ದರೆ ಗೆರೆ ಕೆಡುತ್ತದಂತೆ. ಇದನ್ನು ಧ್ಯಾನ ಎಂದರೆ ಅವರು ಎದ್ದು ಕಾಫಿಗೆ ಹೋಗುತ್ತಾರೆ. ಹಾಗಾಗಿ ಅವರೆದುರು ನಾನು ಆ ಮಾತು ಎತ್ತುವುದಿಲ್ಲ.

ನಗುವಿಗೆ ದೇವರ ಮನೆಯಲ್ಲಿ ಏನು ಕೆಲಸ ಎಂಬುದು ನಿಮ್ಮ ಗುಮಾನಿ. ಭರತನ ನಾಟ್ಯಶಾಸ್ತ್ರ ಹಾಸ್ಯಕ್ಕೆ ಬಿಳಿಯ ಬಣ್ಣ ಕೊಟ್ಟು, ಶಿವನ ಪ್ರಮಥಗಣವನ್ನೇ ಅಧಿದೇವತೆಯಾಗಿ ಕೂರಿಸಿದೆ. ಗುಡಾಣದ ಹೊಟ್ಟೆ, ಸೊಟ್ಟ ಮೋರೆಯ ಆ ಗಣಗಳನ್ನು ಯಾರೋ ವ್ಯಂಗ್ಯಚಿತ್ರಕಾರನೇ ಬರೆದು ಕೈಲಾಸಕ್ಕೆ ಕಳುಹಿಸಿದಂತಿದೆ. ಇನ್ನು ಶ್ರೀನಿವಾಸ ಕಲ್ಯಾಣದಲ್ಲಿ ಸಾಕ್ಷಾತ್ ಸ್ವಾಮಿಯೇ ಕೊರವಂಜಿಯ ವೇಷ ಹಾಕಿ, ಆಕಾಶರಾಜನ ಅರಮನೆಗೆ ಕಣಿ ಹೇಳಲು ಹೋಗುತ್ತಾನೆ.

1942ರಲ್ಲಿ ರಾಶಿಯವರು, ಅಂದರೆ ಬೆಂಗಳೂರಿನ ವೈದ್ಯ ಡಾ. ಎಂ. ಶಿವರಾಂ, ನಗೆಪತ್ರಿಕೆ ಹೊರಡಿಸಿದಾಗ ಇಟ್ಟ ಹೆಸರೂ 'ಕೊರವಂಜಿ'. ಅದರಲ್ಲಿ ಬರೆಯುತ್ತಿದ್ದ ನಾ. ಕಸ್ತೂರಿಯವರು ಪದಗಳ ಅರ್ಥವನ್ನೆಲ್ಲ ತಲೆಕೆಳಗು ಮಾಡಿ 'ಅನರ್ಥಕೋಶ' ಕಟ್ಟಿದರು. ಮುಂದೆ ಅವರೇ ಪುಟ್ಟಪರ್ತಿಗೆ ಹೋಗಿ ಸತ್ಯಸಾಯಿ ಬಾಬಾ ಅವರ ಜೀವನಚರಿತ್ರೆ ಬರೆದರು. ಹಾಸ್ಯ ಬಿಟ್ಟು ಅಧ್ಯಾತ್ಮ ಹಿಡಿದರು ಎಂದು ಹೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಮಾತಿನ ಬಿಂಕವನ್ನು ಅಷ್ಟು ಬಿಡಿಸಿ ನೋಡಿದವರಲ್ಲಿ ತಮ್ಮ ಬಿಂಕ ಎಷ್ಟು ದಿನ ಉಳಿದೀತು?

ಎಳೆಯ ವಯಸ್ಸಿನಲ್ಲಿ ಅದೇ ಪತ್ರಿಕೆಗೆ ಚಿತ್ರ ಬರೆದ ಮೈಸೂರಿನ ಆರ್.ಕೆ. ಲಕ್ಷ್ಮಣ್ ಕಾಗೆಯನ್ನು ಬರೆಯುವುದನ್ನು ಬಿಡಲೇ ಇಲ್ಲ. ನಾವು ಕಾಗೆಯನ್ನು ನೋಡುವುದು ಯಾವಾಗ? ಪಿಂಡ ಇಟ್ಟಾಗ, ಇಲ್ಲವೇ ಅದು ತಲೆಗೆ ಬಡಿದಾಗ. ಅವರು ಬೇಕಿಲ್ಲದಾಗಲೂ ನೋಡಿದರು. 1951ರಲ್ಲಿ ಶುರುವಾದ ಅವರ ಪುಟ್ಟ ವ್ಯಂಗ್ಯಚಿತ್ರಗಳಲ್ಲಿ ಪಂಚೆ ಉಟ್ಟು, ಚೌಕಳಿ ಕೋಟು ತೊಟ್ಟ ಶ್ರೀಸಾಮಾನ್ಯ ಒಂದು ಮಾತೂ ಆಡದೆ ಅರ್ಧ ಶತಮಾನ ನಿಂತ. ಮುಂಡಕೋಪನಿಷತ್ತಿನ ಆ ಎರಡು ಹಕ್ಕಿಗಳು ನಿಮಗೆ ಗೊತ್ತು: ಒಂದೇ ಮರದಲ್ಲಿ ಕೂತು ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ. ತಿನ್ನುವ ಹಕ್ಕಿಗಳಿಗೆ ನಮ್ಮ ದೇಶದಲ್ಲಿ ಬರವಿರಲಿಲ್ಲ. ನೋಡುವ ಹಕ್ಕಿಗೆ ಲಕ್ಷ್ಮಣ್ ಕನ್ನಡಕ ಹಾಕಿಸಿದರು.

ಹಾಗೆಂದು ನಗಿಸುವುದೆಲ್ಲ ಪುಣ್ಯ ಎನ್ನಲಾರೆ. ಚಿಕ್ಕ ವಯಸ್ಸಿನಲ್ಲಿ ನಾನೂ ಗೀಚುತ್ತಿದ್ದೆ. ಮೊದಲು ಕೆಲಸಕ್ಕೆ ಸೇರಿದ ಕಚೇರಿಯಲ್ಲಿ ಒಬ್ಬ ಹಿರಿಯ ಗುಮಾಸ್ತರ ಕಾಲು ಸ್ವಲ್ಪ ಕುಂಟು. ಅವರು ಮೆಟ್ಟಿಲು ಹತ್ತುವುದನ್ನು ಬರೆದು ನೋಟಿಸ್ ಬೋರ್ಡಿಗೆ ಚುಚ್ಚಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರೂ ಬಂದು ನೋಡಿದರು, ನಕ್ಕರು, "ಚೆನ್ನಾಗಿ ಬಂದಿದೆ" ಎಂದು ಗುಂಡುಸೂಜಿ ಕಿತ್ತು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮರುದಿನದಿಂದ ಅವರು ಎಲ್ಲರಿಗಿಂತ ಮೊದಲೇ ಬಂದು, ಮೆಟ್ಟಿಲು ಹತ್ತಿ, ಕುರ್ಚಿಯಲ್ಲಿ ಕೂತಿರುತ್ತಿದ್ದರು. ಚಿತ್ರದಲ್ಲಿ ಗೆರೆಯ ತಪ್ಪೇನೂ ಇರಲಿಲ್ಲ. ಅಷ್ಟು ದಿನ ಜೊತೆಗಿದ್ದೂ ನಾನು ಕಂಡದ್ದು ಅವರ ಕಾಲನ್ನಷ್ಟೇ. ಆಮೇಲೆ ನಾನು ಮನುಷ್ಯರನ್ನು ಬರೆಯಲು ಹೋಗಲಿಲ್ಲ.

ನಿಮ್ಮ ಮೊಮ್ಮಗನ ಚಿತ್ರ ಆ ಜಾತಿಯದಲ್ಲ ಎಂದು ಕಾಣದೆಯೇ ಹೇಳುತ್ತೇನೆ. ಇಲ್ಲದಿದ್ದರೆ ಅದು ಪಂಚಾಂಗ ಸೇರುತ್ತಿರಲಿಲ್ಲ. ಜಪದಲ್ಲಿ ತೂಕಡಿಸುವ ಅಜ್ಜನನ್ನು ಬರೆಯಬೇಕಾದರೆ ಹುಡುಗ ಬೆಳಗಿನ ಜಾವಕ್ಕೇ ಎದ್ದು, ಸದ್ದಿಲ್ಲದೆ ಎದುರು ಕೂತಿರಬೇಕು. ಕೋಪ ಮಾಡಿಕೊಳ್ಳಬೇಡಿ, ಆ ಹೊತ್ತಿನಲ್ಲಿ ನಿಮ್ಮ ದೇವರ ಮನೆಯಲ್ಲಿ ಎಚ್ಚರವಾಗಿದ್ದವನು ಅವನೊಬ್ಬನೇ.

ಅವನು ಒಪ್ಪಿದರೆ ಚಿತ್ರವನ್ನು ನಮಗೆ ಕಳುಹಿಸಿ. ಮಡಚಬೇಡಿ, ಎರಡು ರಟ್ಟಿನ ನಡುವೆ ಇಡಿ. ಅಚ್ಚಾದ ಮೇಲೆ ನಿಮ್ಮ ಪಂಚಾಂಗಕ್ಕೇ ಹಿಂದಿರುಗಿಸುತ್ತೇವೆ. ಮೂಗಿನ ಗೆರೆ ಒಂದೋ ಎರಡೋ ಎಂದು ನಮ್ಮ ಕಲಾವಿದರು ಇವತ್ತು ಬೆಳಿಗ್ಗೆಯೂ ವಿಚಾರಿಸಿದರು.

— ಸಂಪಾದಕ